ಕರಡಿಯ ಮೂಳೆಯಲ್ಲಿ ಸಿಕ್ಕಿದ ಹಸು

ಮೊನ್ನೆ ಒಂದು ಫೋನು ಬಂತು. ನಮ್ಮ ಹಳೆಯ ಲ್ಯಾಬಿಗೆ ಹೊಸದಾಗಿ ಸೇರಿದ ಶ್ರುತಿ ಎಂಬ ಹುಡುಗಿ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಕನ್ನಡದವಳು. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಆಡುವಾಗ ಮಾತ್ರ ಹಿಂದಿಯ ಕೈ ಹಿಡಿದುಕೊಂಡೇ ದಾಟುತ್ತಾಳೆ. "ಅಂಕಲ್, ಫ್ರೀಜರ್ ಸಾಫ್ ಮಾಡ್ತಾ ಇದ್ದೀನಿ. ಏಕ್‌ದಮ್ ಕೆಳಗೆ ಒಂದು ಡಬ್ಬಿ ಇದೆ, ಮೇಲೆ 'ಮೂರ್ತಿ' ಅಂತ ಬರ್ದಿದೆ. ನಿಮ್ದೇ ಕ್ಯಾ? ಫೇಂಕ್ ದೂಂ, ಬಿಸಾಡ್ಲಾ?" ಎಂದಳು. ನಿಮ್ಮ ಮೇಡಂ ಅವರನ್ನೇ ಕೇಳಬಹುದಲ್ಲಮ್ಮಾ ಎಂದೆ. ಕೇಳಲು ಹೆದರಿಕೆ, ಅದಕ್ಕೇ ಆಫೀಸಿನಿಂದ ನನ್ನ ನಂಬರು ಸಂಪಾದಿಸಿದೆ ಎಂದಳು.

ಎರಡು ದಿನ ತಡಿ ಎಂದು ಹೇಳಿ ಫೋನಿಟ್ಟೆ. ಅದು ಫೋನಿನಲ್ಲಿ ಹೇಳಿ ಮುಗಿಯುವ ಕಥೆಯಲ್ಲ. ಮೂವತ್ತು ವರ್ಷ ಟೆಕ್ನಿಶಿಯನ್ ಆಗಿದ್ದವನು ನಾನು. ಬಡ್ತಿ, ಇನ್‌ಕ್ರಿಮೆಂಟು, ಬೀಳ್ಕೊಡುವ ದಿನ ಹೊದಿಸಿದ ಶಾಲು, ಇವೆಲ್ಲ ಎಲ್ಲ ನೌಕರರಿಗೂ ಒಂದೇ. ಅವನ್ನು ಬಿಟ್ಟು, ಕೆಲಸ ನಿಜವಾಗಿ ಹೇಗಿತ್ತು, ನಾನು ಎಲ್ಲಿ ಮುಗ್ಗರಿಸಿದೆ ಎನ್ನುವುದನ್ನಷ್ಟೇ ಬರೆಯುತ್ತೇನೆ. ಶ್ರುತಿ ಓದಲಿ, ಅವಳ ಹಿಂದೆ ಬರುವವರೂ ಓದಲಿ.

ನಾನು ಮೈಸೂರಿನ ಕಡೆಯವನು. ಬಿಎಸ್ಸಿ ಮುಗಿಸಿ ಮುಂಬಯಿಗೆ ಬಂದು, ಮಲಾಡಿನಲ್ಲಿ ಎರಡು ರೂಮಿನ ಮನೆ ಮಾಡಿ, ಅಮ್ಮನನ್ನು ಕರೆಸಿಕೊಂಡು, ಮದುವೆಯಾದವನು. ಲ್ಯಾಬು ಇದ್ದದ್ದು ಕುರ್ಲಾ ಆಚೆ. ದಿನಾ ಮಲಾಡಿನಿಂದ ದಾದರಿಗೆ ಒಂದು ಲೋಕಲ್, ಸೇತುವೆ ಹತ್ತಿ ಇಳಿದು ಕುರ್ಲಾಕ್ಕೆ ಇನ್ನೊಂದು. ಮೊದಲ ಹದಿನೈದು ವರ್ಷ ಇಲಿಯ ರಕ್ತ, ಬ್ಯಾಕ್ಟೀರಿಯಾ ಎಂದು ಕಳೆಯಿತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಆಗಿನ ಮುಖ್ಯಸ್ಥೆ ಪ್ರಧಾನ್ ಮೇಡಂ ತಲೆಗೆ ಕರಡಿ ಹೊಕ್ಕಿತು.

ಆಂಧ್ರದ ಸುಣ್ಣಕಲ್ಲಿನ ಗವಿಗಳನ್ನು ಅಗೆಯುತ್ತಿದ್ದ ಅವರ ಸ್ನೇಹಿತರೊಬ್ಬರು ಸಾವಿರಾರು ವರ್ಷ ಹಳೆಯ ಕರಡಿ ಮೂಳೆಗಳನ್ನು ಬಿಸ್ಕತ್ತಿನ ಡಬ್ಬಗಳಲ್ಲಿ, ತೆಲುಗು ಪೇಪರು ಸುತ್ತಿ ಕಳಿಸಿದರು. ಅಷ್ಟು ಹಳೆಯ ಮೂಳೆಯೊಳಗೂ ಪ್ರಾಣಿಯ ಡಿಎನ್‌ಎಯ ಚೂರುಪಾರು ಉಳಿದಿರುತ್ತದೆ, ಅದನ್ನು ಹೊರಗೆ ತೆಗೆದು ಓದಿದರೆ ಆ ಕರಡಿಗೂ ಇವತ್ತಿನ ನಮ್ಮ ಕಾಡಿನ ಕರಡಿಗೂ ಏನು ನಂಟು ಎಂದು ತಿಳಿಯುತ್ತದೆ ಎನ್ನುವುದು ಮೇಡಂ ಆಸೆ. ನನ್ನ ಪಾಲಿಗೆ ಬಂದದ್ದು ಮೂಳೆ ಕುಟ್ಟುವ ಕೆಲಸ. ಮೇಲ್ಪದರ ಹೆರೆದು, ದಂತವೈದ್ಯರ ಡ್ರಿಲ್ಲಿನಿಂದ ಕೊರೆದು, ಪಿಂಗಾಣಿಯ ಕುಟ್ಟಾಣಿಯಲ್ಲಿ ನುಣ್ಣಗೆ ಪುಡಿ ಮಾಡಬೇಕು. ಮೈಸೂರಿನಿಂದ ಬಂದ ನನ್ನ ಭಾವಮೈದುನ ಈಗ ಯಾವ ಕೆಲಸ ಎಂದು ವಿಚಾರಿಸಿದ. ಕರಡಿ ಮೂಳೆ ಕುಟ್ಟುತ್ತೇನೆ ಎಂದೆ. ಅವನು ಬಹಳ ಯೋಚಿಸಿ, ಯಾವ ಲೇಹ್ಯಕ್ಕೆ ಎಂದು ಕೇಳಿದ.

ಈಗಿನವರಿಗೆ ಒಂದು ಮಾತು ಹೇಳಲೇಬೇಕು. ಡಿಎನ್‌ಎಯ ಒಂದು ಚೂರನ್ನು ಲಕ್ಷಗಟ್ಟಲೆ ಪ್ರತಿ ಮಾಡುವ ಪಿಸಿಆರ್ ಮೆಷಿನ್ನು ಇವತ್ತು ನಿಮ್ಮ ಮೇಜಿನ ಮೇಲೆ ಕೂತು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ನಮ್ಮಲ್ಲಿ ಆ ಮೆಷಿನ್ನು ನಾನೇ. ಮೂರು ಬಿಸಿನೀರಿನ ತೊಟ್ಟಿ: ಒಂದು ಕುದಿಯುವುದಕ್ಕೆ ಹತ್ತಿರ, ಒಂದು ಉಗುರುಬೆಚ್ಚಗಿರುವುದಕ್ಕಿಂತ ಸಾಕಷ್ಟು ಬಿಸಿ, ಇನ್ನೊಂದು ನಡುವಿನದು. ಟ್ಯೂಬುಗಳ ಚೌಕಟ್ಟನ್ನು ಮೊದಲನೆಯದರಲ್ಲಿ ಒಂದು ನಿಮಿಷ, ಎರಡನೆಯದರಲ್ಲಿ ಒಂದು, ಮೂರನೆಯದರಲ್ಲಿ ಎರಡು ಮುಳುಗಿಸಬೇಕು. ಹೀಗೆ ನಲವತ್ತು ಸುತ್ತು. ಆ ತೊಟ್ಟಿಗಳಿಗೆ ನಾವು ಕಾಂದಿವಲಿ, ಮಲಾಡ್, ಗೋರೆಗಾಂವ್ ಎಂದು ಲೋಕಲ್ ಸ್ಟೇಷನ್ನುಗಳ ಹೆಸರಿಟ್ಟಿದ್ದೆವು. ಮಧ್ಯದಲ್ಲಿ ಎದ್ದು ಹೋಗುವ ಹಾಗಿಲ್ಲ, ಮೂಗು ತುರಿಸುವ ಹಾಗಿಲ್ಲ.

ಸುತ್ತಿನ ಲೆಕ್ಕ ತಪ್ಪಬಾರದೆಂದು ನಾನು ಹುಣಿಸೆಬೀಜ ಇಟ್ಟುಕೊಂಡಿದ್ದೆ. ಒಂದು ಸುತ್ತು ಮುಗಿದರೆ ಎಡಗಡೆ ಬಟ್ಟಲಿನಿಂದ ಒಂದು ಬೀಜ ಬಲಗಡೆಗೆ. ನಮ್ಮಲ್ಲಿ ಗಾಜಿನ ಸಾಮಾನು ತೊಳೆಯಲು ಬಸಪ್ಪ ಇದ್ದ. ವಿಜಾಪುರದ ಕಡೆಯವನು, ಅಚ್ಚುಕಟ್ಟಿನ ಮನುಷ್ಯ. ಒಂದು ದಿನ ಇಪ್ಪತ್ತೇಳನೆಯದೋ ಇಪ್ಪತ್ತೆಂಟನೆಯದೋ ಸುತ್ತಿನಲ್ಲಿ ನಾನು ತೊಟ್ಟಿಯ ಕಡೆ ಬಗ್ಗಿದ್ದಾಗ, ಎರಡು ಬಟ್ಟಲಿನ ಬೀಜವನ್ನೂ ಒಂದಕ್ಕೆ ಸುರಿದು ಇನ್ನೊಂದನ್ನು ತೊಳೆದಿಟ್ಟ. "ಎಲ್ಲಾ ಚೆಲ್ಲಾಪಿಲ್ಲಿ ಬಿದ್ದಿದ್ವು ಸಾಹೇಬ್ರ, ಒಂದ ಕಡೆ ಮಾಡೀನಿ ನೋಡ್ರಿ" ಎಂದ. ಎರಡು ಗಂಟೆಯ ಕೆಲಸ ನೀರಿನಲ್ಲಿ ಹೋಯಿತು. ಬೈಯೋಣವೆಂದರೆ ಅವನ ಮುಖ ಅಷ್ಟು ಸಂತೋಷವಾಗಿತ್ತು.

ಲ್ಯಾಬಿನ ಮೂರನೆಯವರು ಸೆಲಿನ್. ಮಂಗಳೂರಿನ ಕ್ರಿಶ್ಚಿಯನ್ ಹುಡುಗಿ, ಇಪ್ಪತ್ತಾರು ವಯಸ್ಸು, ಕುರ್ಲಾದಲ್ಲಿ ಅಕ್ಕನ ಮನೆ. ನಾನು ಕುಟ್ಟಿ ಕೊಟ್ಟ ಪುಡಿಯಿಂದ ಡಿಎನ್‌ಎ ತೆಗೆದು, ಅಂಟಿನಂಥ ಜೆಲ್ಲಿನಲ್ಲಿ ಅದನ್ನು ನಾಲ್ಕು ಸಾಲಾಗಿ ಓಡಿಸಿ, ಎಕ್ಸ್‌ರೇ ಫಿಲ್ಮನ್ನು ದೀಪದ ಮುಂದೆ ಹಿಡಿದು ಡಿಎನ್‌ಎಯ ಅಕ್ಷರ ಓದುವ ಕೆಲಸ ಅವರದು. ಅವರು ಎ, ಟಿ, ಜಿ, ಸಿ ಎಂದು ಓದುತ್ತಾ ಹೋಗುವುದು, ನಾನು ಗೆರೆ ಹಾಕಿದ ಪುಸ್ತಕದಲ್ಲಿ ಬರೆದುಕೊಳ್ಳುವುದು. ಅವರದು ಕಾಯಂ ಕೆಲಸವಲ್ಲ. ವರ್ಷಕ್ಕೊಮ್ಮೆ ಮೇಡಂ ಶಿಫಾರಸು ಮಾಡಿ, ಆಡಳಿತಾಧಿಕಾರಿ ಸಹಿ ಹಾಕಿದರೆ ಮುಂದಿನ ವರ್ಷ ಉಂಟು, ಇಲ್ಲವಾದರೆ ಇಲ್ಲ. ಪಿಎಚ್‌ಡಿಗೆ ಹೆಸರು ಬರೆಸಿದ್ದೂ ಆ ಕೆಲಸದ ಆಧಾರದ ಮೇಲೆಯೇ.

ಮೇಡಂ ಕುಳ್ಳಗೆ, ಕೈಯಲ್ಲಿ ಸದಾ ಒಂದಡಿಯ ಮರದ ಸ್ಕೇಲು. ಯಾರಾದರೂ ಫಲಿತಾಂಶ ಬಂತು ಎಂದು ಕುಣಿದುಕೊಂಡು ಹೋದರೆ ಮೇಜಿಗೆ ಸ್ಕೇಲು ಬಡಿದು "ಪಹಲೇ ಖಾಲಿ ದಿಖಾವೊ" ಎನ್ನುತ್ತಿದ್ದರು. ಮೊದಲು ಖಾಲಿಯದು ತೋರಿಸಿ. ಮೂಳೆ ಹಾಕಿದ ಟ್ಯೂಬಿನ ಜೊತೆಗೆ, ಮೂಳೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹಾಕಿದ ಖಾಲಿ ಟ್ಯೂಬೂ ಓಡಬೇಕು. ಅದರಲ್ಲಿ ಏನೂ ಬರಬಾರದು. ಬಂದರೆ ಹೊರಗಿನದು ಏನೋ ಒಳಗೆ ಸೇರಿದೆ ಎಂದರ್ಥ. ಖಾಲಿ ಇರುವುದನ್ನು ನೋಡಲು ಇಷ್ಟು ಆತುರಪಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೋಲಿಸಿ ನೋಡಲು ಈಗಿನ ಕರಡಿಯ ಡಿಎನ್‌ಎ ಬೇಕಿತ್ತು. ಬೇರು ಸಮೇತ ನಾಲ್ಕು ಕೂದಲು ಸಿಕ್ಕಿದರೆ ಸಾಕು ಎಂದರು ಮೇಡಂ. ಆಗೆಲ್ಲ ಕುರ್ಲಾದ ಸೇತುವೆ ಕೆಳಗೆ ಕರಡಿ ಕುಣಿಸುವವನೊಬ್ಬ ಬಂದು ಕೂರುತ್ತಿದ್ದ. ಮಕ್ಕಳಿಗೆ ಹೆದರಿಕೆ ಬಿಡಿಸಲು ಕರಡಿ ಕೂದಲಿನ ತಾಯತ ಮಾರುತ್ತಿದ್ದ. ನಾನು ಜಾಣತನ ಮಾಡಿ, ಕರಡಿಯ ಹತ್ತಿರವೂ ಹೋಗದೆ, ನಾಲ್ಕು ತಾಯತ ಕೊಂಡು ತಂದೆ. ಸೆಲಿನ್ ಬಿಚ್ಚಿ, ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿ, "ಇದು ಕರಡಿಯದ್ದಲ್ಲ ಮಾರಾಯ್ರೆ, ಕುದುರೆ ಬಾಲದ್ದು" ಎಂದರು. ಮರುದಿನ ಹೋಗಿ ಅವನನ್ನು ತರಾಟೆಗೆ ತೆಗೆದುಕೊಂಡೆ. ಅವನು ಸ್ವಲ್ಪವೂ ಕದಲಲಿಲ್ಲ. ಸಾಹೇಬ್, ಕೇಳಿದವರಿಗೆಲ್ಲ ನಿಜದ್ದೇ ಕಿತ್ತು ಕೊಟ್ಟಿದ್ದರೆ ನನ್ನ ಮುನ್ನಿ ಇಷ್ಟರಲ್ಲಿ ಬೋಳಾಗಿರುತ್ತಿದ್ದಳು ಎಂದ. ಮುನ್ನಿ ಎಂದರೆ ಕರಡಿ. ಆಮೇಲೆ ಅವಳ ಕೈಗೆ ರೊಟ್ಟಿ ಕೊಟ್ಟು, ಬಾಚಣಿಗೆಯಿಂದ ಬೆನ್ನು ಬಾಚಿ, ಬಂದಷ್ಟು ಕೂದಲನ್ನು ನನ್ನ ಲಕೋಟೆಗೆ ಹಾಕಿದ. ನಾನು ಅಷ್ಟು ದೂರದಲ್ಲಿ ನಿಂತು ಲಕೋಟೆಯನ್ನು ಚಾಚಿದ್ದೆ. ಕರಡಿಯ ವಿಷಯದಲ್ಲಿ ವರ್ಷಗಟ್ಟಲೆ ದುಡಿದ ನಾನು ಜೀವಂತ ಕರಡಿಗೆ ಅದಕ್ಕಿಂತ ಹತ್ತಿರ ಹೋದದ್ದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂಳೆ ಕುಟ್ಟಲು ಬೇರೆಯದೇ ಕೋಣೆ ಬೇಕೆಂದು ಮೂರನೆಯ ಮಹಡಿಯ ಕೊನೆಯಲ್ಲಿದ್ದ ಹಳೆಯ ಫೈಲಿನ ಕೋಣೆಯನ್ನು ಖಾಲಿ ಮಾಡಿಸಿದರು. ಅದಕ್ಕೆ ಬೋನ್ ರೂಮ್ ಎಂದು ಹೆಸರು. ಬೆಳಿಗ್ಗೆ ಮೊದಲು ಅಲ್ಲಿಗೆ ಹೋಗಬೇಕು, ಬೇರೆ ಕೋಣೆಗೆ ಹೋಗಿಬಂದವರು ಆ ದಿನ ಅಲ್ಲಿ ಕಾಲಿಡಬಾರದು, ಅಲ್ಲಿಯ ಬಟ್ಟೆ ಅಲ್ಲಿಗೇ, ಅಲ್ಲಿಯ ಪಾತ್ರೆ ಹೊರಗೆ ಬರಬಾರದು, ಹೊರಗಿನದು ಒಳಗೆ ಹೋಗಬಾರದು. ಈ ನಿಯಮಗಳನ್ನು ಮನೆಯಲ್ಲಿ ಹೇಳಿದಾಗ ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಇದನ್ನೇ ಅಲ್ವೇನೋ ನಾನು ನಲವತ್ತು ವರ್ಷದಿಂದ ಬಡ್ಕೊಂಡಿದ್ದು? ಆಗ ಮಡಿ ಅಂದ್ರೆ ನಗ್ತಿದ್ದೆ. ಈಗ ಸರ್ಕಾರದವರು ಸಂಬಳ ಕೊಟ್ಟು ಮಾಡಿಸ್ತಿದಾರೆ."

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಸತ್ತ ಪ್ರಾಣಿಯ ಎಲುಬು ಕುಟ್ಟುವ ಜಾಗ ಎಷ್ಟು ಒರೆಸಿದರೂ ಶುದ್ಧವಾಗುವುದಿಲ್ಲ ಎಂದು ಅವರಿಗೆ ಅನ್ನಿಸಿತು. ಅದಕ್ಕೆ ಪಂಚಗವ್ಯವೇ ಆಗಬೇಕು. ಹಾಲು, ಮೊಸರು, ತುಪ್ಪ, ಗಂಜಲ, ಸಗಣಿ. ಡೈರಿಯ ಹಾಲಿನಲ್ಲಿ ಎಮ್ಮೆಯದು ಬೆರೆತಿರುತ್ತದೆಂದು, ಮಲಾಡ್ ಸ್ಟೇಷನ್ನಿನ ಹತ್ತಿರದ ದೇವಸ್ಥಾನದ ಎದುರು ಹಸು ಕಟ್ಟಿಕೊಂಡು ಹುಲ್ಲು ಮಾರುತ್ತಾ ಕೂರುವ ಹೆಂಗಸಿನಿಂದಲೇ ಎಲ್ಲವನ್ನೂ ತರಿಸಿದರು. ಹೋಮಿಯೋಪತಿ ಔಷಧದ ಸೀಸೆಯಲ್ಲಿ ತುಂಬಿ ಕೊಟ್ಟು, ಶುಕ್ರವಾರ ಶುಕ್ರವಾರ ಮಾವಿನೆಲೆಯಲ್ಲಿ ಪ್ರೋಕ್ಷಣೆ ಮಾಡು, ಕುಟ್ಟಾಣಿಯನ್ನು ಬಿಡಬೇಡ, ಅದರಲ್ಲೇ ತಾನೆ ಕುಟ್ಟೋದು ಎಂದು ಹೇಳಿದರು. ನನಗೆ ಅಂಥ ನಂಬಿಕೆ ಇತ್ತೆಂದೇನಲ್ಲ. ಎಂಟು ಗಂಟೆಗೆ ಎಲ್ಲರಿಗಿಂತ ಮೊದಲು ಹೋಗಿ ನಾಲ್ಕು ಹನಿ ಚಿಮುಕಿಸಿದರೆ ಅಮ್ಮನಿಗೆ ನೆಮ್ಮದಿ, ಮನೆಯಲ್ಲಿ ಶಾಂತಿ. ಎಲ್ಲ ಶುದ್ಧಿಯ ಮೇಲೆ ಇನ್ನೊಂದು ಶುದ್ಧಿ, ಅದರಿಂದ ಕೆಡುವುದೇನು ಎಂದು ತಿಳಿದೆ. ಬಿಎಸ್ಸಿ ಓದಿದವನ ಬುದ್ಧಿ ನೋಡಿ.

ಎರಡು ತಿಂಗಳಾದ ಮೇಲೆ ಗವಿಯ ಕರಡಿಯ ತೊಡೆಮೂಳೆಯಿಂದ ಜೆಲ್ಲಿನ ಮೇಲೆ ಮೊದಲ ಬಾರಿ ಪಟ್ಟಿ ಮೂಡಿತು, ಎಂದರೆ ಡಿಎನ್‌ಎ ಸಿಕ್ಕಿತ್ತು. ಖಾಲಿ ಟ್ಯೂಬು ಸ್ವಚ್ಛ. ಮೇಡಂ ಸ್ಕೇಲು ಬಡಿಯಲಿಲ್ಲ, ಎಲ್ಲರಿಗೂ ಪೇಡಾ ತರಿಸಿದರು. ಸಮ್ಮೇಳನವೊಂದಕ್ಕೆ ಪ್ರಬಂಧದ ಸಾರಾಂಶವನ್ನೂ ಕಳಿಸಿಬಿಟ್ಟರು. ಆಮೇಲೆ ಸೆಲಿನ್ ಅಕ್ಷರ ಓದಿದರು, ನಾನು ಬರೆದುಕೊಂಡೆ. ಮೇಡಂ ಆ ಕಾಗದವನ್ನು ಮುನ್ನಿಯ ಕೂದಲಿನಿಂದ ಓದಿಟ್ಟಿದ್ದ ಅಕ್ಷರಗಳ ಕೆಳಗಿಟ್ಟು ಪೆನ್ಸಿಲ್ಲಿನಿಂದ ಹೊಂದಿಸಿ ನೋಡಿದರು. ಹೊಂದಲಿಲ್ಲ. ಮನುಷ್ಯನದರ ಜೊತೆ ಇಟ್ಟರು, ಹೊಂದಲಿಲ್ಲ. ಪರದೇಶದವರು ಅಚ್ಚು ಹಾಕಿದ್ದ ಹಸುವಿನ ಅಕ್ಷರಗಳ ಪಕ್ಕದಲ್ಲಿಟ್ಟರು. ಎರಡು ಅಕ್ಷರ ಬಿಟ್ಟು ಮಿಕ್ಕದ್ದೆಲ್ಲ ಪಕ್ಕಾ ಹೊಂದಿತು. ಪೆನ್ಸಿಲ್ಲು ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು.

ನಾವು ಬಳಸುತ್ತಿದ್ದ ವಿಧಾನ ಕರಡಿಯನ್ನೇ ಆರಿಸಿ ಹಿಡಿಯುವಂಥದ್ದಲ್ಲ, ಎದುರಿಗೆ ಯಾವ ಪ್ರಾಣಿಯದು ಹೆಚ್ಚಿದೆಯೋ ಅದನ್ನು ಹಿಡಿಯುತ್ತಿತ್ತು. ಸಾವಿರಾರು ವರ್ಷದ ಕರಡಿಯ ಚೂರಿನ ಪಕ್ಕದಲ್ಲಿ ನಿನ್ನೆ ಮೊನ್ನೆಯ ಹಸುವಿನ ಒಂದು ಹನಿ ಬಿದ್ದಿದ್ದರೆ ಸಾಕು. ಆ ಹನಿ ಎಲ್ಲಿಂದ ಬಿತ್ತು ಎನ್ನುವುದೇ ಪ್ರಶ್ನೆ.

ಪ್ರಶ್ನೆಗೆ ಉತ್ತರ ಎಲ್ಲರಿಗೂ ತಾನೇ ತಾನಾಗಿ ಹೊಳೆಯಿತು. ಸೆಲಿನ್ ಸೋಮವಾರದ ಡಬ್ಬಾದಲ್ಲಿ ಭಾನುವಾರದ ಮಾಂಸದಡುಗೆ ತರುತ್ತಿದ್ದರು. ಕ್ರಿಶ್ಚಿಯನ್ನರು, ಭಾನುವಾರ, ಮಾಂಸ ಎಂದ ಮೇಲೆ ಇನ್ನೇನು? ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದೆಯೇ ಅದು ಮೂರನೆಯ ಮಹಡಿಯಿಂದ ಕೆಳಗಿಳಿದು, ಕ್ಯಾಂಟೀನು ಸುತ್ತಿ, ಆಡಳಿತಾಧಿಕಾರಿಯ ಮೇಜಿಗೆ ಹೋಯಿತು. ಮೂಳೆ ಮೇಲೆ ಮೂಳೆ ಕುಟ್ಟುತ್ತಿದ್ದೆವು, ಮೂರು ತಿಂಗಳು ಹಸುವೇ ಬರುತ್ತಿತ್ತು. ಗವಿಯಿಂದ ಬಂದ ಮೂಳೆಗಳು ಒಂದೊಂದಾಗಿ ಮುಗಿದು ಕೊನೆಗೆ ಒಂದು ಕೋರೆಹಲ್ಲು ಮಾತ್ರ ಉಳಿಯಿತು. ಸೆಲಿನ್ ಕೈ ಹತ್ತು ಸಲ ತೊಳೆಯುತ್ತಿದ್ದರು, ಗ್ಲೌಸ್ ಮೇಲೆ ಗ್ಲೌಸ್ ಹಾಕುತ್ತಿದ್ದರು, ಊಟದ ಹೊತ್ತಿನಲ್ಲಿ ಒಬ್ಬರೇ ಕೆಳಗೆ ಮೆಟ್ಟಿಲ ಹತ್ತಿರ ಕೂತು ತಿನ್ನುತ್ತಿದ್ದರು. ಅವರ ಮುಂದಿನ ವರ್ಷದ ಫೈಲು, ಸ್ವಚ್ಛತೆಯ ಬಗ್ಗೆ ವಿಚಾರಿಸಬೇಕು ಎಂಬ ಷರಾದೊಂದಿಗೆ ವಾಪಸು ಬಂತು.

ನಾನೂ ಹಾಗೇ ನಂಬಿದ್ದೆ. ಇದನ್ನು ಬರೆಯಲು ಇವತ್ತೂ ನಾಚಿಕೆಯಾಗುತ್ತದೆ. ನಂಬಿದ್ದಷ್ಟೇ ಅಲ್ಲ, ಒಂದು ದಿನ ದೊಡ್ಡ ಮನುಷ್ಯನ ಹಾಗೆ ಹತ್ತಿರ ಕೂತು, ಸ್ವಲ್ಪ ದಿನ ಬರೀ ಅನ್ನ ಸಾರು ತಂದರೆ ಒಳ್ಳೆಯದೇನೋ ಎಂದು ಬುದ್ಧಿ ಹೇಳಿದೆ. ಅವರು ತಲೆಯೆತ್ತಿ ಒಂದು ಸಲ ನನ್ನ ಮುಖ ನೋಡಿ, ಆಯ್ತು ಎಂದರು. ಮರುವಾರ ಅನ್ನ ಸಾರೇ ಬಂತು. ಹಸುವೂ ಬಂತು.

ಅದಾದ ಶುಕ್ರವಾರ ಎಂದಿನಂತೆ ಎಂಟಕ್ಕೆ ಹೋದೆ. ಬೋನ್ ರೂಮಿನ ಬಾಗಿಲಿಗೆ ಹೊಸ ಸುತ್ತೋಲೆ ಅಂಟಿಸಿದ್ದರು: ಈ ಮಹಡಿಗೆ ಯಾರೂ ಮಾಂಸಾಹಾರ ತರತಕ್ಕದ್ದಲ್ಲ. ಓದಿದೆ, ಸರಿಯಾಗಿದೆ ಅಂದುಕೊಂಡೆ, ಒಳಗೆ ಹೋಗಿ ಸೀಸೆ ತೆಗೆದೆ. ನಾಲ್ಕು ಮೂಲೆಗೆ ಚಿಮುಕಿಸಿ ಕುಟ್ಟಾಣಿಯ ಹತ್ತಿರ ಬಂದೆ. ಮಾವಿನೆಲೆಯ ತುದಿಯಿಂದ ಒಂದು ಹಳದಿ ಹನಿ ಬಿಳೀ ಪಿಂಗಾಣಿಯ ಮೇಲೆ ಬಿದ್ದು ನಿಧಾನವಾಗಿ ತಳಕ್ಕೆ ಜಾರಿತು. ಅದನ್ನೇ ನೋಡುತ್ತಾ ನಿಂತೆ.

ಖಾಲಿ ಟ್ಯೂಬು ಯಾಕೆ ಸ್ವಚ್ಛವಾಗಿ ಬರುತ್ತಿತ್ತು ಎನ್ನುವುದೂ ಆಗಲೇ ಹೊಳೆಯಿತು. ಅದನ್ನು ನಾನು ಕುಟ್ಟಾಣಿಗೆ ಹಾಕುತ್ತಲೇ ಇರಲಿಲ್ಲ. ಮೂಳೆಯೇ ಇಲ್ಲದ ಮೇಲೆ ಕುಟ್ಟುವುದೇನನ್ನು ಎಂದು ನೇರ ಟ್ಯೂಬಿಗೆ ದ್ರಾವಣ ಸುರಿಯುತ್ತಿದ್ದೆ.

ಮೊದಲು ಬಂದ ಯೋಚನೆಯನ್ನೂ ಮುಚ್ಚಿಡದೆ ಹೇಳುತ್ತೇನೆ. ಸೀಸೆಯನ್ನು ಬಿಸಾಡಿ, ಕುಟ್ಟಾಣಿಯನ್ನು ಆ್ಯಸಿಡ್ಡಿನಲ್ಲಿ ತೊಳೆದು ಸುಮ್ಮನಿದ್ದುಬಿಡೋಣ ಎನ್ನಿಸಿತು. ಹಸು ತಾನಾಗಿ ಮಾಯವಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಬಾಗಿಲು ದಾಟುವಾಗ ಮತ್ತೆ ಆ ಸುತ್ತೋಲೆ ಕಣ್ಣಿಗೆ ಬಿತ್ತು. ಸುತ್ತೋಲೆ ಅಂಟಿಸಿದ ವಾರವೇ ಹಸು ನಿಂತರೆ ಎಲ್ಲರೂ ಏನೆನ್ನುತ್ತಾರೆ? ನೋಡಿ, ಡಬ್ಬಾ ನಿಲ್ಲಿಸಿದ ಕೂಡಲೇ ಸರಿಹೋಯಿತು ಎನ್ನುತ್ತಾರೆ. ನಾನು ಗುಟ್ಟಾಗಿ ತೊಳೆದರೆ ತೊಳೆದುಹೋಗುವುದು ನನ್ನ ತಪ್ಪು, ಉಳಿಯುವುದು ಸೆಲಿನ್ ಮೇಲಿನ ಕಳಂಕ.

ಇಷ್ಟು ತಿಳಿದೂ ಆ ದಿನ ಹೇಳಲಿಲ್ಲ. ಶನಿವಾರವೂ ಹೇಳಲಿಲ್ಲ. ಭಾನುವಾರ ಅಮ್ಮನಿಗೆ ಹೇಳಿದೆ. ಕರಡಿಯ ಮೂಳೆಯಲ್ಲಿ ಹಸು ಬರುತ್ತಿದೆಯಮ್ಮಾ, ನಿನ್ನ ಪಂಚಗವ್ಯದಿಂದ ಎಂದೆ. ಅವರು ಕೈಜೋಡಿಸಿ ಕಣ್ಣು ಮುಚ್ಚಿ, "ಪಾಪದ ಪ್ರಾಣಿ, ಯಾವ ಗವೀಲಿ ಸತ್ತಿತ್ತೋ. ಅಷ್ಟು ವರ್ಷ ಆದ್ಮೇಲೆ ಗೋವಿನ ಜನ್ಮ ಬಂತಲ್ಲ" ಎಂದರು. ಅವರಿಂದ ಸಹಾಯ ಸಿಗುವುದಿಲ್ಲ ಎಂದು ಖಾತ್ರಿಯಾಯಿತು. ಆಮೇಲೆ ಸೆಲಿನ್ ವಿಷಯ ಹೇಳಿದೆ. ಅಮ್ಮನ ಮುಖ ಬದಲಾಯಿತು. "ಆ ಹುಡುಗಿ ಕೆಲಸ ಹೋಗುತ್ತೇನೋ? ಮತ್ತೆ ಇಲ್ಲೇನು ಕೂತಿದೀಯ, ಹೋಗಿ ಹೇಳು" ಎಂದು ಗದರಿದರು. ಭಾನುವಾರ ಲ್ಯಾಬಿಗೆ ಬೀಗ ಎಂದರೂ ಕೇಳಲಿಲ್ಲ.

ಸೋಮವಾರ ಮೇಡಂ ಕೋಣೆಗೆ ಹೋದಾಗ ಸೆಲಿನ್ ಅಲ್ಲೇ ನಿಂತಿದ್ದರು. ಮೇಜಿನ ಮೇಲೆ ಅವರ ಫೈಲಿತ್ತು. ನಾನು ಜೇಬಿನಿಂದ ಸೀಸೆ ತೆಗೆದು ಫೈಲಿನ ಪಕ್ಕದಲ್ಲಿಟ್ಟೆ. ಮೇಡಂ ಮುಚ್ಚಳ ತೆರೆದು ಮೂಸಿ, ಹಿಂದಕ್ಕೆ ಸರಿದು, ಇದೇನು ಎಂದರು. ಹೇಳಿದೆ. ಅಮ್ಮ, ಮಡಿ, ದೇವಸ್ಥಾನದ ಹಸು, ಮಾವಿನೆಲೆ, ಕುಟ್ಟಾಣಿ, ಒಂದೂ ಬಿಡದೆ ಹೇಳಿದೆ. ತಪ್ಪು ನನ್ನದು, ಈ ಹುಡುಗಿಯದಲ್ಲ ಎಂದೆ. ಮೇಡಂ ಸ್ಕೇಲು ಎತ್ತಿದರು, ಹೊಡೆಯುತ್ತಾರೆ ಎಂದೇ ತಿಳಿದೆ. ಮತ್ತೆ ಕೆಳಗಿಟ್ಟರು. ಬಾಗಿಲಲ್ಲಿ ನೆಲ ಒರೆಸುತ್ತಿದ್ದ ಬಸಪ್ಪ, "ನಾ ನೋಡೀನ್ರಿ ಅದನ್ನ. ಪೂಜಿ ಮಾಡಾಕತ್ತಾರ, ಶಿವಪೂಜ್ಯಾಗ ಕರಡಿ ಬಿಟ್ಟಾಂಗ ನಾ ಯಾಕ ನಡಕ ಬರ್ಲಿ ಅಂತ ಸುಮ್ಮನಾದೆ" ಎಂದ.

ಸೆಲಿನ್ ನಗಲಿಲ್ಲ, ಅಳಲೂ ಇಲ್ಲ. ಹೇಳಿದರೆ ಸಾಲದು, ಓಡಿಸಿ ನೋಡುವ ಎಂದರು. ಸೀಸೆಯಿಂದ ಒಂದು ಹನಿ ಒಂದು ಟ್ಯೂಬಿಗೆ, ಕುಟ್ಟಾಣಿಯಲ್ಲಿ ಏನೂ ಹಾಕದೆ ಬರೀ ದ್ರಾವಣ ಅರೆದದ್ದು ಇನ್ನೊಂದಕ್ಕೆ, ತಮ್ಮ ಡಬ್ಬಾದ್ದು ಮತ್ತೊಂದಕ್ಕೆ. ಡಬ್ಬಾ ಬೇಡಮ್ಮ ಎಂದರು ಮೇಡಂ. ಬೇಕು ಎಂದು ಹಟ ಹಿಡಿದು, ಚೀಲದಿಂದ ಡಬ್ಬಾ ತೆಗೆದು, ಮುಚ್ಚಳ ಬಿಚ್ಚಿ ನನ್ನ ಮುಂದಿಟ್ಟರು. ಆ ಸೋಮವಾರ ಯಾಕೋ ಮತ್ತೆ ಭಾನುವಾರದ್ದನ್ನೇ ತಂದಿದ್ದರು. ಕೆಲಸ ಹೇಗೂ ಹೋಗುತ್ತದೆ, ಕೊನೆಗೊಂದು ದಿನ ಸರಿಯಾಗಿ ಊಟವಾದರೂ ಮಾಡುವ ಎಂದು ತಂದೆ ಎಂದು ಆಮೇಲೆ ಹೇಳಿದರು.

"ಇದು ಎಂತದ್ದು ಹೇಳಿ ಮೂರ್ತಿಯವರೇ" ಎಂದರು.

ನಾನು ಡಬ್ಬಾದೊಳಗೆ ಬಗ್ಗಿ ನೋಡಿದೆ.

"ಹಂದಿ. ಭಾನುವಾರ ಅಕ್ಕ ಮಾಡುವುದು ಹಂದಿಯೇ. ದನದ್ದು ತಂದರೂ ಅದು ಕೆಳಗೆ ಮೆಟ್ಟಿಲ ಹತ್ತಿರ ಇರ್ತಿತ್ತು, ಬೋನ್ ರೂಮಿಗೆ ಬರ್ತಿರಲಿಲ್ಲ. ಆದರೆ ಮೂರು ತಿಂಗಳಲ್ಲಿ ಒಬ್ಬರಾದ್ರೂ ಕೇಳಿದ್ರಾ, ಇದು ಎಂತದ್ದು ಅಂತ? ನೀವು ಬುದ್ಧಿ ಹೇಳಿದ್ರಿ. ಕೇಳಲಿಲ್ಲ."

ಮೇಡಂ ಕಿಟಕಿಯ ಕಡೆ ತಿರುಗಿ ನಿಂತರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆ ವಾರವಿಡೀ ನಾನು ಕಾಂದಿವಲಿ, ಮಲಾಡ್, ಗೋರೆಗಾಂವ್ ಸುತ್ತಿದೆ. ಬಸಪ್ಪ ಹುಣಿಸೆಬೀಜಕ್ಕೆ ಕಾವಲು ಕೂತ. ಫಿಲ್ಮು ಬಂದಾಗ ಸೀಸೆಯ ಸಾಲಿನಲ್ಲಿ ಹಸು. ಖಾಲಿ ಕುಟ್ಟಾಣಿಯ ಸಾಲಿನಲ್ಲಿ ಹಸು. ಪರದೇಶದ ಹಸುವಿಗಿಂತ ಬೇರೆಯಾಗಿದ್ದ ಆ ಎರಡು ಅಕ್ಷರ ಎರಡರಲ್ಲೂ ಇದ್ದವು, ಮೂಳೆಯಲ್ಲಿ ಬಂದದ್ದೂ ಅವೇ ಅಕ್ಷರ. ನಮ್ಮ ಮಲಾಡಿನ ಹಸು. ಡಬ್ಬಾದ ಸಾಲಿನಲ್ಲಿ ಬಂದದ್ದು ಹಸುವಿಗೆ ಹೊಂದಲೇ ಇಲ್ಲ. ಮೇಡಂ ಫಿಲ್ಮನ್ನೂ ಸೆಲಿನ್ ಫೈಲನ್ನೂ ಕೈಯಲ್ಲಿ ಹಿಡಿದುಕೊಂಡು ತಾವೇ ಕೆಳಗಿಳಿದು ಹೋದರು. ಒಳಗೆ ಏನು ಮಾತಾಯಿತೋ ತಿಳಿಯದು, ಸ್ಕೇಲಿನ ಸದ್ದು ಮಾತ್ರ ಕಾರಿಡಾರಿಗೂ ಕೇಳಿಸಿತು. ಬರುವಾಗ ಸಹಿಯಾಗಿತ್ತು. ಸಮ್ಮೇಳನಕ್ಕೆ ಕಳಿಸಿದ್ದ ಸಾರಾಂಶವನ್ನು ಅದೇ ದಿನ ವಾಪಸು ತೆಗೆದುಕೊಂಡರು. ಬಾಗಿಲಿನ ಸುತ್ತೋಲೆ ಹರಿದು, ಅದೇ ಜಾಗದಲ್ಲಿ ಸೆಲಿನ್ ಕೈಬರಹದ ಚೀಟಿ ಬಂತು: ಊಟ, ದೇವರು ಎರಡೂ ಹೊರಗೆ.

ನನಗೆ ಶಿಕ್ಷೆಯಾಗಲಿಲ್ಲವೇ ಎಂದು ಕೇಳಬಹುದು. ಹೊಸ ಕುಟ್ಟಾಣಿ ತರಿಸಿ ಒಂದು ತಿಂಗಳು ಖಾಲಿ ಕುಟ್ಟಿಸಿದರು. ದಿನಾ ಬೆಳಿಗ್ಗೆ ಹೋಗುವುದು, ಬ್ಲೀಚಿಂಗ್ ನೀರಿನಲ್ಲಿ ಕೋಣೆ ಒರೆಸುವುದು, ಇಲ್ಲದ ಮೂಳೆಯನ್ನು ಕುಟ್ಟುವುದು, ಓಡಿಸುವುದು. ಮೊದಮೊದಲು ಹಸುವಿನ ನೆರಳು ಬರುತ್ತಿತ್ತು. ಬರಬರುತ್ತಾ ಮಾಸಿ, ಕೊನೆಗೊಂದು ದಿನ ಏನೂ ಬರಲಿಲ್ಲ. ಅಮ್ಮನೂ ತಮ್ಮ ದಾರಿ ತಾವು ಕಂಡುಕೊಂಡರು. ಲ್ಯಾಬನ್ನು ಬಿಟ್ಟು, ಸಂಜೆ ಮನೆಗೆ ಬಂದ ನನ್ನನ್ನೇ ಬಾಗಿಲಲ್ಲಿ ನಿಲ್ಲಿಸಿ ಪ್ರೋ‌ಕ್ಷಣೆ ಮಾಡತೊಡಗಿದರು. ಅದಾದ ಮೇಲೆ ನಾನು ಬೆಳಿಗ್ಗೆ ಹೊರಡುವ ಮೊದಲು ತಲೆಗೆ ಸ್ನಾನ ಮಾಡದೆ ಹೋದದ್ದಿಲ್ಲ.

ಆಮೇಲೆ ಉಳಿದಿದ್ದ ಆ ಒಂದು ಕೋರೆಹಲ್ಲು ತೆಗೆದೆವು. ಅದು ಮುಗಿದರೆ ಎಲ್ಲ ಮುಗಿಯಿತು. ಕುಟ್ಟುವಾಗ ಉಸಿರು ಬಿಡಲೂ ಹೆದರಿಕೆ. ಫಿಲ್ಮು ತೊಳೆದು ತಂದಾಗ ಸೆಲಿನ್ ಕರಡಿಯ ಸಾಲು ನೋಡಲಿಲ್ಲ. ಮೇಡಂ ಕೇಳುವ ಮೊದಲೇ ಕುಟ್ಟಾಣಿಯ ಖಾಲಿ ಸಾಲಿನ ಮೇಲೆ ಬೆರಳಿಟ್ಟರು. ಮೇಲಿಂದ ಕೆಳಗಿನವರೆಗೆ ಏನೂ ಇಲ್ಲ. ಆಮೇಲೆ ಪಕ್ಕದ ಸಾಲು ಓದತೊಡಗಿದರು, ನಾನು ಬರೆಯತೊಡಗಿದೆ. ಮುನ್ನಿಯ ಅಕ್ಷರಗಳ ಕೆಳಗಿಟ್ಟರೆ ಒಂದಾದ ಮೇಲೊಂದು ಹೊಂದುತ್ತಾ ಹೋಯಿತು. ಮೂರು ಕಡೆ ಮಾತ್ರ ಬೇರೆ. ಆ ಮೂರು ಅಕ್ಷರ ನೋಡಿ ಮೇಡಂಗೆ ಹೆಚ್ಚು ಸಂತೋಷ. ಎಲ್ಲವೂ ಒಂದೇ ಆಗಿದ್ದರೆ ಮುನ್ನಿಯ ಕೂದಲೇ ಎಲ್ಲೋ ಬಿದ್ದಿರಬೇಕು ಎನ್ನಬಹುದಿತ್ತು. ಇದು ಮುನ್ನಿಯಲ್ಲ, ಅವಳ ಅಜ್ಜಿಯ ಅಜ್ಜಿಯ ಕಾಲದ ನೆಂಟಳು. ನನಗೆ ಕಣ್ಣೀರು ಬಂತು. ಟ್ಯೂಬಿಗೆ ಬೀಳಬಾರದೆಂದು ಓಡಿ ಹೊರಗೆ ಹೋಗಿ ಅತ್ತೆ.

ಶ್ರುತಿ, ನೀನು ಕೇಳಿದ ಡಬ್ಬಿಗೆ ಬರುತ್ತೇನೆ. ಅಂದಿನ ಸೀಸೆಯಲ್ಲಿ ಉಳಿದದ್ದನ್ನು ಸೆಲಿನ್ ಬಿಸಾಡಲಿಲ್ಲ. ಸಣ್ಣ ಸಣ್ಣ ಟ್ಯೂಬುಗಳಿಗೆ ಹಾಕಿ, ಫ್ರೀಜರಿನಲ್ಲಿಟ್ಟು, ಮೇಲೆ 'ಮೂರ್ತಿ' ಎಂದು ಬರೆದರು. ಹಸುವಿನ ಸಂಶಯ ಬಂದಾಗಲೆಲ್ಲ ಹೋಲಿಸಿ ನೋಡಲು ಒಂದು ಟ್ಯೂಬು ಹೊರಗೆ ಬರುತ್ತಿತ್ತು. ನಾನು ನಿವೃತ್ತನಾಗುವವರೆಗೂ ಸಂಶೋಧನೆಯ ಪುಸ್ತಕಗಳಲ್ಲಿ ಹಸುವಿನ ಹೆಸರು ಮೂರ್ತಿ ಎಂದೇ ಇತ್ತು.

ಇನ್ನೊಂದು ರೂಢಿಯೂ ಅಂದಿನಿಂದಲೇ ಶುರುವಾಯಿತು. ಸೆಲಿನ್ ಪ್ರತಿ ಸೋಮವಾರ ಡಬ್ಬಾ ತಂದು ನನ್ನ ಮೇಜಿನ ಮೇಲಿಟ್ಟು, ಮುಚ್ಚಳ ತೆಗೆಯದೆ ಕಾಯುತ್ತಿದ್ದರು. ನಾನು "ಇವತ್ತು ಎಂತದ್ದು?" ಎಂದು ಕೇಳಬೇಕು. ಕೇಳಿದ ಮೇಲೆಯೇ ಅವರು ತೆರೆಯುತ್ತಿದ್ದದ್ದು. ಅದರಲ್ಲಿ ನಾನು ತಿನ್ನುವಂಥದ್ದು ಯಾವತ್ತೂ ಇರಲಿಲ್ಲ, ಆದರೂ ಹನ್ನೆರಡು ವರ್ಷ ಒಂದು ಸೋಮವಾರವೂ ಕೇಳದೆ ಬಿಡಲಿಲ್ಲ.

ನೀನು ಹೆದರುವ ಮೇಡಂ ಬೇರೆ ಯಾರೂ ಅಲ್ಲ, ಈ ಸೆಲಿನ್ ಅವರೇ. ಡಬ್ಬಿ ಎಸೆಯಬೇಕೋ ಇಟ್ಟುಕೊಳ್ಳಬೇಕೋ ನನಗೆ ಗೊತ್ತಿಲ್ಲ, ಅವರನ್ನೇ ಕೇಳು. ಸೋಮವಾರ ಊಟದ ಹೊತ್ತಿಗೆ ಹೋಗು. ಮೊದಲು ಅವರ ಊಟದ ಡಬ್ಬಾದಲ್ಲಿ ಏನಿದೆ ಎಂದು ಕೇಳು.